ಚೆನ್ನೆಮಣೆಯ ಶಾಪ, ಪಾಲೆಮರದ ಕಹಿ

ಆಟಿ ತಿಂಗಳು ಬಂತೆಂದರೆ ತುಳುನಾಡಿನ ಹಳೆಯ ಮನೆಗಳಲ್ಲಿ ಎರಡು ವಸ್ತುಗಳ ನೆನಪಾಗುತ್ತದೆ. ಒಂದು ಅಟ್ಟದಿಂದ ಕೆಳಗಿಳಿಯುವ ಚೆನ್ನೆಮಣೆ. ಇನ್ನೊಂದು ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಯಲ್ಲಿ ಕುಡಿಯಬೇಕಾದ ಪಾಲೆಮರದ ಕಷಾಯ. ಒಂದು ಆಟ, ಇನ್ನೊಂದು ಆಹಾರ. ಎರಡನ್ನೂ ಮಕ್ಕಳು ಕಾಯುತ್ತಿದ್ದರು, ಎರಡಕ್ಕೂ ಹಿರಿಯರು ಹೆದರುತ್ತಿದ್ದರು. ಆಟಿ ಕಳೆದ ಮೇಲೆ ಮಣೆ ಮುಟ್ಟಿದರೆ ಮನೆಯಲ್ಲಿ ಜಗಳ ಹುಟ್ಟುತ್ತದೆ. ಅಕ್ಕ ತಂಗಿಯರು ಎದುರುಬದುರು ಕುಳಿತು ಆಡಬಾರದು. ಪಾಲೆಯ ತೊಗಟೆಗೆ ಕಬ್ಬಿಣ ತಾಗಿಸಬಾರದು, ಸೂರ್ಯ ಮೂಡಿದ ಮೇಲೆ ತೆಗೆಯಬಾರದು. ಪುತ್ತೂರು, ಸುಳ್ಯ, ಮತ್ತು ಆ ಎರಡು ತಾಲೂಕುಗಳಿಂದ ಬೇರ್ಪಟ್ಟು ರೂಪುಗೊಂಡ ಕಡಬದ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ ಈ ‘ಬಾರದು’ಗಳು ಇಂದಿಗೂ ಕೇಳಿಬರುತ್ತವೆ.

ಶಾಪ ಹೊತ್ತ ಆಟ, ಶಾಪ ಹೊತ್ತ ತಿನಿಸು ಎಂಬ ಕಲ್ಪನೆ ತುಳುವರಿಗೆ ಮಾತ್ರ ಸೇರಿದ್ದಲ್ಲ. ಗ್ರೀಕರ ಪುರಾಣದಲ್ಲಿ ಪರ್ಸೆಫೊನೆ ಪಾತಾಳದಲ್ಲಿ ಕೆಲವು ದಾಳಿಂಬೆ ಬೀಜ ತಿಂದಳು. ಆ ತಪ್ಪಿಗೆ ವರ್ಷದ ಒಂದು ಪಾಲನ್ನು ಅಲ್ಲೇ ಕಳೆಯಬೇಕಾಯಿತು, ಭೂಮಿಗೆ ಚಳಿಗಾಲ ಬಂದದ್ದು ಹಾಗೆ ಎಂದು ಆ ಕಥೆ ಹೇಳುತ್ತದೆ. ಹೊಸ ಕಾಲದಲ್ಲೂ ಈ ಕಲ್ಪನೆಗೆ ಆಯುಷ್ಯ ಇದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಅದು. ಹಬ್ಬದ ದಿನಗಳಲ್ಲಿ ಆಟ ನಡೆಸುವವರು ಕಥೆಯೊಳಗೆ ಮಾಟ ಹಿಡಿದ ಮಿಠಾಯಿಯ ತಟ್ಟೆ ತಂದಿಡುವುದುಂಟು. ಆಸೆಪಟ್ಟು ತಿಂದ ಪಾತ್ರಕ್ಕೆ ಏನೋ ಒಂದು ಕೇಡು ತಗಲುತ್ತದೆ, ಅದರಿಂದ ಬಿಡುಗಡೆಗೂ ಒಂದು ದಾರಿ ಇರುತ್ತದೆ.

ಅಲ್ಲಿನ ಮಿಠಾಯಿ ಕಲ್ಪನೆಯದು. ತುಳುನಾಡಿನ ಮಣೆ ಮರದ್ದು, ಕಷಾಯ ನಿಜವಾದದ್ದು. ಆ ಕಷಾಯದ ಹಿಂದೆ ಇರುವ ಅಪಾಯವೂ ನಿಜವಾದದ್ದೇ. ಹಾಗಾಗಿ ಈ ಹೆದರಿಕೆಗಳು ಏನು ಕೆಲಸ ಮಾಡುತ್ತಿದ್ದವು, ಹೆದರಿಕೆ ಹೊರಟುಹೋದ ಮೇಲೆ ಆ ಕೆಲಸವನ್ನು ಯಾರು ಮಾಡಬೇಕು ಎಂಬುದು ವಿಚಾರಿಸಬೇಕಾದ ಸಂಗತಿ.

ಮೊದಲು ಆಟಿಯ ಮಾತು. ಸೌರಮಾನದ ತುಳು ವರ್ಷದಲ್ಲಿ ಇದು ನಾಲ್ಕನೆಯ ತಿಂಗಳು. ಜುಲೈ ಮಧ್ಯದ ಕರ್ಕ ಸಂಕ್ರಮಣದಿಂದ ಆಗಸ್ಟ್ ಮಧ್ಯದ ಸಿಂಹ ಸಂಕ್ರಮಣದವರೆಗೆ. ತಮಿಳರ ‘ಆಡಿ’ಯೂ ಇದೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಆಟಿಯೆಂದರೆ ಹೊರಗೆ ಕಾಲಿಡಲಾಗದ ಕಾಲ. ಏಣೆಲ್ ಬೆಳೆಯ ನೇಜಿ ನೆಟ್ಟು ಮುಗಿದಿರುತ್ತದೆ, ಕೊಯ್ಲು ದೂರ. ಕಳೆದ ಬೆಳೆಯ ಅಕ್ಕಿಯ ಮುಡಿ ಬರಿದಾಗುತ್ತಾ ಬಂದಿರುತ್ತದೆ. ಮದುವೆ ಮುಂಜಿ ಇಲ್ಲ, ಕೋಲ ನೇಮಗಳಿಲ್ಲ. ಹೊಸ ಮದುಮಗಳು ತವರಿಗೆ ಬರುತ್ತಾಳೆ. ಒಂದು ಕಡೆ ಹಸಿವು, ಇನ್ನೊಂದು ಕಡೆ ಬಿಡುವು. ಆಟಿಯ ಆಹಾರ ಆ ಹಸಿವಿನಿಂದ ಹುಟ್ಟಿದ್ದು, ಆಟಿಯ ಆಟ ಆ ಬಿಡುವಿನಿಂದ.

ಚೆನ್ನೆಮಣೆಯನ್ನು ಕಾಣದವರಿಗಾಗಿ ಎರಡು ಮಾತು. ಉದ್ದನೆಯ ಮರದ ಮಣೆ. ಅದರಲ್ಲಿ ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಕುಳಿಗಳು. ಒಂದೊಂದು ಕುಳಿಗೆ ನಾಲ್ಕು ಕಾಯಿ, ಒಟ್ಟು 56. ಕಾಯಿ ಎಂದರೆ ಸಾಮಾನ್ಯವಾಗಿ ಮಂಜೊಟ್ಟಿಯ ಹೊಳೆಯುವ ಕೆಂಪು ಬೀಜ. ಆಟಗಾರ ತನ್ನ ಕಡೆಯ ಒಂದು ಕುಳಿಯಿಂದ ಕಾಯಿಗಳನ್ನು ತೆಗೆದು ಮುಂದಿನ ಕುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗುತ್ತಾನೆ. ಕೈಯ ಕಾಯಿ ಮುಗಿದಾಗ ಎಲ್ಲಿ ನಿಂತಿತು, ಮುಂದಿನ ಕುಳಿ ಬರಿದೋ ತುಂಬಿದೆಯೋ ಎಂಬುದರ ಮೇಲೆ ಗಳಿಕೆ. ಜೋಡುಪೆರ್ಗ ಮೊದಲಾದ ಹಲವು ಬಗೆಯ ಆಟಗಳು ಇದೇ ಮಣೆಯ ಮೇಲೆ ನಡೆಯುತ್ತವೆ. ಘಟ್ಟದ ಮೇಲೆ ಇದು ಅಳಿಗುಳಿಮಣೆ, ತಮಿಳುನಾಡಿನಲ್ಲಿ ಪಲ್ಲಾಂಗುಳಿ. ಆಫ್ರಿಕಾದಲ್ಲಿ ಹತ್ತಾರು ಹೆಸರುಗಳಿಂದ ಆಡಲ್ಪಡುವ ‘ಮಂಕಾಲಾ’ ಆಟಗಳು ಇದರ ಬಂಧುಗಳು.

ಈ ಮಣೆಗೆ ಶಾಪ ತಗಲಿದ್ದು ಹೇಗೆ? ಅದಕ್ಕೆ ಉತ್ತರ ಸಿರಿ ಪಾಡ್ದನದಲ್ಲಿದೆ. ತುಳುವಿನ ಈ ಮಹಾಕಾವ್ಯವನ್ನು ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಲವು ದಿನ ಹೇಳಿದರು. ಫಿನ್ಲೆಂಡಿನ ಲೌರಿ ಹಾಂಕೊ, ಅನ್ನೇಲಿ ಹಾಂಕೊ ಅವರ ಜೊತೆಗೆ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಅದನ್ನು ದಾಖಲಿಸಿದರು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಪಾಡ್ದನ ಮೂರು ತಲೆಮಾರಿನ ಹೆಣ್ಣುಮಕ್ಕಳ ಕಥೆ: ಸಿರಿ, ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ ಮತ್ತು ದಾರಗ.

ಪಾಠಾಂತರಗಳು ಹಲವಿದ್ದರೂ ಕಥೆಯ ತಿರುಳು ಇಷ್ಟು. ಮಕ್ಕಳಿಲ್ಲದ ಸೊನ್ನೆ ಬೆರ್ಮೆರಿಗೆ ಹರಕೆ ಹೊತ್ತಳು. ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಹರಕೆ ಮರೆತುಹೋಯಿತು. ಮಕ್ಕಳು ಬೆಳೆದು ಮದುವೆಯ ಮಾತು ಬಂದಾಗಲೂ ಅದರ ನೆನಪಾಗಲಿಲ್ಲ, ಬೆರ್ಮೆರು ಮುನಿದರು. ಹೆತ್ತವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅಕ್ಕ ತಂಗಿಯರು ಚೆನ್ನೆಮಣೆ ಹೊರತೆಗೆದು ಆಡಲು ಕುಳಿತರು. ಆಟದಲ್ಲಿ ಮಾತು ಬೆಳೆಯಿತು. ಸೋಲಿನ ಸಿಟ್ಟಿನಲ್ಲಿ ಅಬ್ಬಗ ಅದೇ ಮಣೆಯಿಂದ ದಾರಗನ ತಲೆಗೆ ಹೊಡೆದಳು. ತಂಗಿ ಸತ್ತಳು. ಅಕ್ಕ ಅವಳನ್ನು ಬಾವಿಗೆ ಹಾಕಿ ತಾನೂ ಹಾರಿದಳು. ಮನೆಗೆ ಮರಳಿದ ಹೆತ್ತವರಿಗೆ ಮಕ್ಕಳೂ ಇಲ್ಲ, ಮದುವೆಯೂ ಇಲ್ಲ.

ಈ ಕಥೆ ಕೇಳಿದ ತಾಯಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಆ ಮಣೆಯ ಎರಡು ಬದಿಗೆ ಕೂರಿಸಲು ಹಿಂದೆಗೆದದ್ದರಲ್ಲಿ ಆಶ್ಚರ್ಯವಿಲ್ಲ. ಕವತ್ತಾರು, ನಿಡಿಗಲ್, ಹಿರಿಯಡ್ಕ ಮೊದಲಾದ ಆಲಡೆಗಳ ಸಿರಿಜಾತ್ರೆಯಲ್ಲಿ ಇಂದಿಗೂ ಹೆಂಗಸರು ಕೈಯಲ್ಲಿ ಅಡಿಕೆಯ ಹಿಂಗಾರ ಹಿಡಿದು ಆವೇಶಕ್ಕೆ ಒಳಗಾಗುತ್ತಾರೆ. ಕೆಲವರ ಬಾಯಲ್ಲಿ ಅಬ್ಬಗ ದಾರಗರೇ ಮಾತನಾಡುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಈ ಆಟ, ಈ ಪುರಾಣ, ಈ ಆರಾಧನೆಗಳ ನಂಟಿನ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದಾರೆ. ಮಳೆಗಾಲದ ಕಾಲಹರಣದ ಆಟವೊಂದು ಇಷ್ಟು ದೂರ ಹೋದದ್ದು ಹೇಗೆ?

ಆಟದ ಸ್ವಭಾವದಲ್ಲೇ ಒಂದು ಕಾರಣವಿದೆ. ಪಗಡೆಯಲ್ಲಿ ದಾಳವಿದೆ. ಸೋತವನು ದಾಳವನ್ನು ದೂರಬಹುದು, ಶಕುನಿಯನ್ನು ದೂರಬಹುದು, ಹಣೆಬರಹ ಎನ್ನಬಹುದು. ಚೆನ್ನೆಯಲ್ಲಿ ದಾಳವಿಲ್ಲ. ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿಗಿವೆ, ಎಣಿಸಬಲ್ಲವರು ಗೆಲ್ಲುತ್ತಾರೆ. ಸೋತವರಿಗೆ ದೂರಲು ತನ್ನ ಬುದ್ಧಿ ಬಿಟ್ಟರೆ ಎದುರು ಕುಳಿತವರು ಮಾತ್ರ. ಆಟ ಮುಗಿಯುವಾಗ ಒಬ್ಬರ ಮನೆ ತುಂಬಿ ಇನ್ನೊಬ್ಬರ ಕುಳಿಗಳು ಬರಿದಾಗುತ್ತವೆ. ಒಂದೇ ಮನೆಯಲ್ಲಿ ಬೆಳೆದ, ಒಂದೇ ವಯಸ್ಸಿನ ಅವಳಿಗಳ ನಡುವೆ ಈ ಏರುಪೇರು ಎಷ್ಟು ನೋಯಿಸಬಲ್ಲುದು ಎಂಬುದು ಪಾಡ್ದನ ಕಟ್ಟಿದ ಹೆಂಗಸರಿಗೆ ಗೊತ್ತಿತ್ತು. ಶಾಪ ಕೂಡ ಆಟವನ್ನು ನಿಷೇಧಿಸಲಿಲ್ಲ. ಯಾವಾಗ, ಯಾರ ಜೊತೆ ಎಂದು ಬೇಲಿ ಹಾಕಿತು. ಆಟಿಯಲ್ಲಿ ಆಡಿರಿ, ಸೋಣ ಬಂದಾಗ ಮಣೆ ಅಟ್ಟಕ್ಕೆ ಹೋಗಲಿ. ಬೇಸಾಯದ ಮನೆಗೆ ಇದು ಅನುಕೂಲದ ನಿಯಮವೂ ಆಗಿತ್ತು.

ಇನ್ನು ಆಟಿಯ ಅಡುಗೆಮನೆಗೆ ಬರೋಣ. ಇಲ್ಲಿಯೂ ಸಿಹಿಗಿಂತ ಎಚ್ಚರಿಕೆ ಹೆಚ್ಚು. ಅಕ್ಕಿ ಕಡಿಮೆಯಾದಾಗ ಜನ ಗುಡ್ಡದ ಕಡೆ, ತೋಟದ ಬದಿಯ ಕಡೆ ನೋಡಿದರು. ಅಲ್ಲಿ ಮಳೆಗೆ ಚಿಗುರಿದ್ದು ಕೆಸುವಿನ ಎಲೆ, ತಜಂಕ್, ತಿಮರೆ, ಬಿದಿರಿನ ಮೊಳಕೆ ಕಣಿಲೆ. ಇವುಗಳಲ್ಲಿ ಕೆಲವನ್ನು ಕಿತ್ತು ತಂದ ಹಾಗೆಯೇ ಬಾಯಿಗೆ ಹಾಕುವಂತಿಲ್ಲ. ಕೆಸುವಿನ ಎಲೆಯಲ್ಲಿ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಸರಿಯಾಗಿ ಬೇಯದಿದ್ದರೆ ನಾಲಿಗೆ, ಗಂಟಲು ತುರಿಸುತ್ತದೆ. ಅದಕ್ಕೇ ಪತ್ರೊಡೆಯ ಹಿಟ್ಟಿಗೆ ಧಾರಾಳವಾಗಿ ಹುಳಿ, ಅದಕ್ಕೇ ಹಬೆಯಲ್ಲಿ ಅಷ್ಟು ಹೊತ್ತಿನ ಬೇಯುವಿಕೆ. ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಹೆಚ್ಚಿ, ನೀರಲ್ಲಿ ಹಾಕಿ, ದಿನವೂ ನೀರು ಬದಲಿಸಿ, ಎರಡು ಮೂರು ದಿನ ಕಳೆದ ಮೇಲೆಯೇ ಅದು ಒಲೆಗೆ ಏರುವುದು. ಈ ಕ್ರಮ ಕಲಿತ ಅಜ್ಜಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದು ಗೊತ್ತಿತ್ತು.

ಇವೆಲ್ಲಕ್ಕೂ ಕಲಶವಿಟ್ಟಂತೆ ಬರುವುದು ಆಟಿ ಅಮಾವಾಸ್ಯೆಯ ಕಷಾಯ. ಪಾಲೆ ಎಂದರೆ ಕನ್ನಡದ ಹಾಲೆ ಮರ, ಸಂಸ್ಕೃತದ ಸಪ್ತಪರ್ಣ. ಸಸ್ಯಶಾಸ್ತ್ರದಲ್ಲಿ ಆಲ್‌ಸ್ಟೋನಿಯ ಸ್ಕಾಲ್ಯಾರಿಸ್. ಇದರ ಹಗುರ ಮರದಿಂದ ಶಾಲೆಯ ಬರೆಯುವ ಹಲಗೆ ಮಾಡುತ್ತಿದ್ದುದರಿಂದ ಆ ಎರಡನೆಯ ಹೆಸರು. ಅಮಾವಾಸ್ಯೆಯ ಆ ಒಂದು ನಸುಕಿನಲ್ಲಿ ಮರದಲ್ಲಿ ಸಾವಿರದೊಂದು ಮದ್ದು ಸೇರಿರುತ್ತದೆ ಎಂಬ ನಂಬಿಕೆ. ಮನೆಯ ಗಂಡಸು ಕತ್ತಲಿರುವಾಗಲೇ ಹೋಗಬೇಕು. ಹಿಂದಿನ ಕಾಲದ ಕ್ರಮದಲ್ಲಿ ಮೈಮೇಲೆ ಬಟ್ಟೆಯೂ ಇರಕೂಡದು. ಕತ್ತಿ ಒಯ್ಯಬಾರದು, ಕಲ್ಲಿನಿಂದ ಜಜ್ಜಿ ತೊಗಟೆ ಎಬ್ಬಿಸಬೇಕು. ಮನೆಯಲ್ಲಿ ಅದನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿಯ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಚುಯ್ಯೆಂದು ಅದರೊಳಗೆ ಬಿಡುತ್ತಾರೆ. ಆಮೇಲೆ ಮನೆಮಂದಿಗೆಲ್ಲ ಒಂದೊಂದು ಗುಟುಕು. ಕಹಿಯೆಂದರೆ ಕಹಿ. ಉಷ್ಣ ತಣಿಸಲು ಹಿಂದೆಯೇ ಮೆಂತೆಯ ಗಂಜಿ. ಮಕ್ಕಳು ಕಷಾಯ ಕುಡಿಯುತ್ತಿದ್ದದ್ದು ಆ ಗಂಜಿಯ ಬೆಲ್ಲದ ಆಸೆಗೆ.

ಪಾಲೆಯ ತೊಗಟೆಯನ್ನು ಜ್ವರಕ್ಕೆ ಬಳಸುವುದು ಇಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. 19ನೆಯ ಶತಮಾನದಲ್ಲಿ ಫಿಲಿಪ್ಪೀನ್ಸಿನಲ್ಲಿ ಇದರಿಂದ ತೆಗೆದ ಸತ್ವವನ್ನು ಮಲೇರಿಯಾಕ್ಕೆ ಕ್ವಿನೈನಿನ ಬದಲಿಗೆ ಪ್ರಯೋಗಿಸಿದರು. ಅದು ಕ್ವಿನೈನಿಗೆ ಸರಿಸಾಟಿಯಾಗಲಿಲ್ಲ ಎಂಬುದನ್ನೂ ಹೇಳಬೇಕು. ವರ್ಷಕ್ಕೊಂದು ದಿನ ಕುಡಿದ ಕಷಾಯ ವರ್ಷವಿಡೀ ರೋಗ ತಡೆಯುತ್ತದೆ ಎಂಬುದು ನಂಬಿಕೆ, ಪ್ರಯೋಗದಿಂದ ಸಿದ್ಧವಾದ ಮಾತಲ್ಲ.

ಅಪಾಯ ಇರುವುದು ಬೇರೆ ಕಡೆ. ಪಾಲೆ ಬೆಳೆಯುವ ಗುಡ್ಡಗಳಲ್ಲೇ ಇನ್ನೊಂದು ಮರವಿದೆ: ಕಾಸರಕ, ತುಳುವಿನ ಕಾಯೆರ್. ಕಾಸರಗೋಡಿಗೆ ಆ ಹೆಸರು ಬಂದದ್ದು ಈ ಮರದಿಂದ ಎಂಬ ವಿವರಣೆಯೂ ಉಂಟು. ಇದರ ಬೀಜದಲ್ಲೂ ತೊಗಟೆಯಲ್ಲೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಘೋರ ವಿಷಗಳಿವೆ. ಸ್ಟ್ರಿಕ್ನಿನ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹದ್ದಿನಲ್ಲಿಡುವ ಸಂದೇಶವನ್ನೇ ತಡೆಯುತ್ತದೆ. ಕುಡಿದ ಸ್ವಲ್ಪ ಹೊತ್ತಿನಲ್ಲೇ ಮೈ ಬಿಲ್ಲಿನಂತೆ ಸೆಟೆಯುತ್ತದೆ, ಪ್ರಜ್ಞೆ ಇರುವಾಗಲೇ ಉಸಿರು ನಿಲ್ಲಬಹುದು. ಪ್ಯಾರಿಸಿನ ಪೆಲ್ಲೆಟಿಯೇ ಮತ್ತು ಕಾವೆಂಟೂ ಎಂಬ ಇಬ್ಬರು 1818ರಲ್ಲಿ ಈ ವಿಷವನ್ನು ಬೇರ್ಪಡಿಸಿದರು. ಎರಡು ವರ್ಷದ ಬಳಿಕ, 1820ರಲ್ಲಿ, ಇನ್ನೊಂದು ಮರದ ತೊಗಟೆಯಿಂದ ಕ್ವಿನೈನ್ ತೆಗೆದವರೂ ಅವರೇ. ಒಂದು ತೊಗಟೆಯಲ್ಲಿ ಜ್ವರದ ಮದ್ದು, ಇನ್ನೊಂದರಲ್ಲಿ ಸಾವು, ಎರಡೂ ಕಹಿ. ಆದುದರಿಂದ ನಾಲಿಗೆಯ ಮೇಲಿಟ್ಟು ಪರೀಕ್ಷಿಸುವುದರಿಂದ ಏನೂ ತಿಳಿಯುವುದಿಲ್ಲ. ಆಟಿ ಅಮಾವಾಸ್ಯೆಯಂದು ಬೇರೆ ಮರದ ತೊಗಟೆ ಕುಡಿದು ಆಸ್ಪತ್ರೆ ಸೇರಿದವರ, ಜೀವ ಕಳೆದುಕೊಂಡವರ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ಹಬ್ಬದ ಗುಟುಕಿಗೆ ಶಾಪ ತಗಲುವುದು ಎಂದರೆ ಇದೇ.

ಈಗ ಹಿರಿಯರ ‘ಬಾರದು’ಗಳನ್ನು ಇನ್ನೊಮ್ಮೆ ನೋಡಬಹುದು. ಹಳೆಯ ಆಚಾರಗಳೆಲ್ಲ ವಿಜ್ಞಾನವೇ ಎಂದು ಸಾರುವವರು ಕೆಲವರು. ಎಲ್ಲವೂ ಮೂಢನಂಬಿಕೆ ಎಂದು ತಳ್ಳಿಹಾಕುವವರು ಕೆಲವರು. ಎರಡೂ ಸೋಮಾರಿತನದ ಮಾತು. ಒಂದೊಂದನ್ನೂ ಬಿಡಿಸಿ ನೋಡಬೇಕು. ಕಬ್ಬಿಣ ಮುಟ್ಟಿಸಬಾರದೆಂಬ ನಿಯಮದಿಂದ ಮರಕ್ಕೆ ಲಾಭವಿದೆ: ಕತ್ತಿಯಿಂದ ಸುತ್ತಲೂ ತೊಗಟೆ ಕೆತ್ತಿದರೆ ಮರ ಒಣಗುತ್ತದೆ, ಕಲ್ಲಿನಿಂದ ಎಬ್ಬಿಸುವವನು ಬೇಕಾದಷ್ಟನ್ನೇ ತೆಗೆಯುತ್ತಾನೆ. ಬಟ್ಟೆ ಇಲ್ಲದೆ ಹೋಗುವುದಕ್ಕೆ ಅಂಥ ಪ್ರಯೋಜನವೇನೂ ಕಾಣುವುದಿಲ್ಲ. ಅದು ಆಚರಣೆ, ಅಷ್ಟೇ. ಕತ್ತಲಲ್ಲಿ ಹೋಗಬೇಕೆಂಬ ನಿಯಮವಂತೂ ನೇರವಾಗಿ ಅಪಾಯಕಾರಿ, ಏಕೆಂದರೆ ಬೂದುಬಣ್ಣದ ಎರಡು ತೊಗಟೆಗಳನ್ನು ಕತ್ತಲು ಒಂದೇ ಮಾಡುತ್ತದೆ.

ಆದರೆ ಇದೇ ಅಪಾಯಕ್ಕೆ ಹಿರಿಯರು ಒಂದು ಉಪಾಯವನ್ನೂ ಇಟ್ಟಿದ್ದರು. ಮುನ್ನಾದಿನ ಹಗಲಲ್ಲೇ ಮರದ ಬಳಿ ಹೋಗಿ, ನಾಳೆ ಬರುತ್ತೇವೆ ಎಂದು ಮರಕ್ಕೆ ಹೇಳಿ, ಬುಡದಲ್ಲಿ ಕಲ್ಲು ಇಟ್ಟು ಅಥವಾ ಕಾಂಡಕ್ಕೆ ನೂಲು ಕಟ್ಟಿ ಬರುವ ಕ್ರಮ ಕೆಲವೆಡೆ ಇತ್ತು. ಮರಕ್ಕೆ ಆಮಂತ್ರಣ ಎಂದು ಅದಕ್ಕೆ ಹೆಸರು ಕೊಡಬಹುದು. ನಿಜದಲ್ಲಿ ಅದು ಗುರುತು. ಮರ ಬಲ್ಲವನು ಹಗಲು ಬೆಳಕಿನಲ್ಲಿ ಎಲೆ ನೋಡಿ ಮರವನ್ನು ಖಚಿತ ಮಾಡಿಕೊಳ್ಳುತ್ತಿದ್ದ; ನಸುಕಿನಲ್ಲಿ ಅವನ ಕೈ ನೂಲನ್ನು ಹುಡುಕುತ್ತಿತ್ತು. ಮನೆಯ ಜೀವಗಳನ್ನು ಕಾಯುತ್ತಿದ್ದುದು ಬಟ್ಟೆಯ ನಿಯಮವಲ್ಲ, ಈ ನೂಲು.

ಆಟಿಯ ಎಲ್ಲ ಮದ್ದುಗಳೂ ಇಷ್ಟು ಕಠಿಣವಲ್ಲ. ಸುಳ್ಯದಿಂದ ಘಟ್ಟ ಹತ್ತಿದರೆ ಸಿಗುವ ಕೊಡಗಿನಲ್ಲಿ ಇದೇ ತಿಂಗಳು ‘ಕಕ್ಕಡ’. ಅದರ ಹದಿನೆಂಟನೆಯ ದಿನ ಮದ್ದುಸೊಪ್ಪಿನ ರಸದಲ್ಲಿ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಅರೆಭಾಷೆಯ ಗೌಡರಲ್ಲಿಯೂ ‘ಆಟಿ ಹದಿನೆಂಟು’ ಉಂಟು. ಪಾಯಸ ಉಂಡವರ ಮೂತ್ರ ಕೆಂಪಾಗುತ್ತದೆ. ಮೊದಲ ಸಲ ಉಂಡ ಅತಿಥಿ ಗಾಬರಿಯಾಗುತ್ತಾನೆ, ಮನೆಯವರು ನಗುತ್ತಾರೆ. ಇಂಥ ಕೇಡು ಮಿಠಾಯಿಯ ಕಥೆಯಲ್ಲಿ ಬರುವಂಥದು, ಹೆದರಿಸಿ ಬಿಟ್ಟುಬಿಡುತ್ತದೆ. ತುಳುವರಲ್ಲಿ ಕೇಡಿನಿಂದ ಬಿಡಿಸಲು ಆಟಿ ಕಳೆಂಜನೇ ಮನೆಮನೆಗೆ ಬರುತ್ತಾನೆ. ನಲಿಕೆ ಜನಾಂಗದವರು ತಾಳೆಗರಿಯ ಕೊಡೆ ಹಿಡಿದು ಅಂಗಳದಲ್ಲಿ ಕುಣಿದು, ಅಕ್ಕಿ, ಉಪ್ಪು, ಅರಿಶಿನ, ಮಸಿ ಪಡೆದು ಮನೆಯ ಮಾರಿ ಕಳೆಯುತ್ತಾರೆ. ಅದೇ ಹಸಿವಿನ ತಿಂಗಳಲ್ಲಿ ಇದ್ದವರಿಂದ ಇಲ್ಲದವರಿಗೆ ಅಕ್ಕಿ ಸಾಗಿದ ದಾರಿಯೂ ಅದಾಗಿತ್ತು.

ಇಂದು ಆಟಿಗೆ ಹಸಿವಿನ ನೆನಪಿಲ್ಲ. ‘ಆಟಿಡೊಂಜಿ ದಿನ’ ಎಂಬ ಹೆಸರಿನಲ್ಲಿ ಕಾಲೇಜುಗಳಲ್ಲಿ, ಸಂಘಗಳಲ್ಲಿ, ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ಅದು ಸಂಭ್ರಮ. ವೇದಿಕೆಯ ಮೇಲೆ ಚೆನ್ನೆಮಣೆ, ಊಟದ ಸಾಲಿನಲ್ಲಿ ಪತ್ರೊಡೆ, ಕಣಿಲೆಯ ಪಲ್ಯ. ಅಕ್ಕ ತಂಗಿಯರು ಎದುರುಬದುರು ಕುಳಿತು ಆಡುತ್ತಾರೆ, ಏನೂ ಆಗುವುದಿಲ್ಲ. ಒಳ್ಳೆಯದೇ. ಮಣೆಯ ಶಾಪ ಕಥೆಯಾಗಿ ಉಳಿದರೆ ಸಾಕು.

ಕಷಾಯದ ವಿಷಯ ಹಾಗಲ್ಲ. ಗುಡ್ಡಗಳು ರಬ್ಬರ್, ಅಡಿಕೆಯ ತೋಟಗಳಾಗಿವೆ. ಮರ ಗುರುತಿಸಬಲ್ಲ ಅಜ್ಜ ಎಷ್ಟೋ ಮನೆಗಳಲ್ಲಿ ಈಗ ಇಲ್ಲ. ಕಷಾಯ ಕುಡಿಯುವ ಉತ್ಸಾಹ ಮಾತ್ರ ಹೆಚ್ಚಿದೆ. ಸಂಘ ಸಂಸ್ಥೆಗಳು ಕಷಾಯ ತಯಾರಿಸಿ ನೂರಾರು ಜನರಿಗೆ ಹಂಚುವುದುಂಟು. ಬಲ್ಲವರು ಮಾಡಿದರೆ ಅದು ಉಪಕಾರ. ಆದರೆ ಮೊದಲು ತಪ್ಪು ಒಂದು ಮನೆಯದಾಗಿದ್ದರೆ, ಇಂದು ಒಬ್ಬನ ತಪ್ಪು ಒಂದು ಊರಿನದಾಗಬಹುದು.

ಆದ್ದರಿಂದ ಗುರುತುಗಳನ್ನು ತಿಳಿದಿರಬೇಕು. ಪಾಲೆಯಲ್ಲಿ ಎಲೆಗಳು ರೆಂಬೆಯ ಒಂದೇ ಗಂಟಿನಿಂದ ಸುತ್ತಲೂ ಹರಡಿಕೊಂಡಿರುತ್ತವೆ, ನಾಲ್ಕರಿಂದ ಏಳರವರೆಗೆ. ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರಾಗಿ ಎರಡೆರಡು, ಅಗಲ, ಹೊಳಪು, ಬುಡದಿಂದಲೇ ಹೊರಡುವ ಮೂರರಿಂದ ಐದು ಎದ್ದುಕಾಣುವ ನರಗಳು, ಹಾಲಿಲ್ಲ, ಹಣ್ಣು ಸಣ್ಣ ಕಿತ್ತಳೆಯಂತೆ, ಒಳಗೆ ನಾಣ್ಯದಂಥ ಚಪ್ಪಟೆ ಬೀಜ. ಹಾಲು ಬಂದ ಮಾತ್ರಕ್ಕೆ ಪಾಲೆ ಎಂದು ತೀರ್ಮಾನಿಸುವಂತಿಲ್ಲ. ಪಾಲೆಯ ಕುಟುಂಬಕ್ಕೇ ಸೇರಿದ ಹಳದಿ ಕಣಗಿಲೆಯಲ್ಲೂ ಹಾಲಿದೆ, ಅದು ವಿಷ. ಮರ ಬಲ್ಲವರು ಜೊತೆಗಿಲ್ಲದಿದ್ದರೆ ಆ ವರ್ಷ ಮೆಂತೆ ಗಂಜಿಯೊಂದೇ ಸಾಕು. ಗರ್ಭಿಣಿಯರು, ಎಳೆಯ ಮಕ್ಕಳು, ದಿನವೂ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಕುಡಿದ ಬಳಿಕ ಮೈ ಬಿಗಿದರೆ, ನಡುಕ ಬಂದರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಉಳಿದ ತೊಗಟೆಯ ತುಂಡನ್ನೂ ಒಯ್ದರೆ ವೈದ್ಯರಿಗೆ ನೆರವಾಗುತ್ತದೆ.

ಹೆದರಿಕೆ ಒಂದು ಕಾಲದಲ್ಲಿ ಈ ಎಚ್ಚರಿಕೆಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೊತ್ತು ತಂದಿತು. ಜೊತೆಗೆ ಬೇಡದ ಹೊರೆಯನ್ನೂ ತಂದಿತು. ಹೊರೆ ಇಳಿಸುವಾಗ ಅದರೊಳಗಿದ್ದ ಉಪಯೋಗದ ವಸ್ತುವನ್ನು ಎಸೆಯಬಾರದು. ಈ ಬಾರಿ ಆಟಿ ಬರುವ ಮೊದಲೇ, ಬಿಸಿಲಿರುವ ಒಂದು ಮಧ್ಯಾಹ್ನ, ಮರ ಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಮಕ್ಕಳೊಂದಿಗೆ ಗುಡ್ಡಕ್ಕೆ ಹೋಗಿ ಎರಡೂ ಮರಗಳನ್ನು ತೋರಿಸಿರಿ. ಪಾಲೆಯ ಎಲೆಗಳನ್ನು ಮಕ್ಕಳೇ ಎಣಿಸಲಿ, ನೂಲನ್ನೂ ಅವರೇ ಕಟ್ಟಲಿ.